ಮುಂದೆ ಕೂರಿಸಿದ ಭಾನುವಾರ

ನಮ್ಮ ಗುಂಪಿನಲ್ಲಿ ಅಕ್ಕ ಎಂದರೆ ಮೂರು ವರ್ಷ ನಾನೊಬ್ಬಳೇ. ಜಹೀರಾಬಾದ್, ನಾರಾಯಣಖೇಡ, ತಾಂಡೂರು, ತೆಲಂಗಾಣ ಗಡಿಯ ಈ ಮೂರು ಊರುಗಳ ಅರವತ್ತು ಚಿಲ್ಲರೆ ಗಂಡಸರು, ಅವರ ನಡುವೆ ನಾನು. ವಾರವೆಲ್ಲ ಜಹೀರಾಬಾದಿನ ಒಂದು ನರ್ಸಿಂಗ್ ಹೋಮಿನ ಔಷಧಿ ಕೌಂಟರಿನಲ್ಲಿ ನಿಂತು ಗುಳಿಗೆ ಕೊಡುತ್ತೇನೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಫೋನು ಅಡ್ಡ ಹಿಡಿದು ಕೂತೆನೆಂದರೆ ನಾಲ್ಕು ಗಂಟೆಯವರೆಗೆ ಏಳುವುದಿಲ್ಲ. "ನಿನ್ನ ಫೌಜು ಕರೀಲತ್ತದ ನೋಡು" ಎಂದು ಗಂಡ ಆಡಿಕೊಳ್ಳುತ್ತಾನೆ. ಆದರೆ ಆ ಹೊತ್ತಿನಲ್ಲಿ ಪಾತ್ರೆ ತೊಳೆಯುವವನು ಅವನೇ, ಅದನ್ನು ಮುಚ್ಚಿಡಬಾರದು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕು ನಾಲ್ಕು ಜನರ ತಂಡಗಳು ಒಂದು ದ್ವೀಪದಲ್ಲಿ ಇಳಿಯುತ್ತವೆ. ಮನೆಮನೆ ಹೊಕ್ಕು ಬಂದೂಕು, ಔಷಧಿ ಹುಡುಕಿಕೊಳ್ಳುತ್ತವೆ, ಎದುರಾದವರನ್ನು ಬೀಳಿಸುತ್ತವೆ. ಕೊನೆಯವರೆಗೂ ಉಳಿದ ತಂಡ ಗೆದ್ದಂತೆ. ಕಂಪನಿ ಮಾಡಿಕೊಟ್ಟದ್ದು ಇಷ್ಟೇ, ಉಳಿದದ್ದೆಲ್ಲ ನಾವು ಮಾಡಿಕೊಂಡದ್ದು. ಜೀಪು ಹತ್ತಿಸಿ ಯಾರನ್ನೂ ಕೊಲ್ಲುವಂತಿಲ್ಲ ಎಂಬುದು ನಮ್ಮ ನಿಯಮ. ತಂಡದ ಮೂವರೂ ಸತ್ತು ಒಬ್ಬನೇ ಉಳಿದಿದ್ದರೆ ಅವನನ್ನು ಗೇಲಿ ಮಾಡುವಂತಿಲ್ಲ ಎಂಬುದೂ ನಮ್ಮದೇ. ದ್ವೀಪದ ಊರುಗಳಿಗೆ ಕಂಪನಿ ಇಟ್ಟ ಹೆಸರು ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲ. ಚಪ್ಪಟೆ ಬಂಡೆಗಳಿರುವ ಏರು ನಮಗೆ ಫರ್ಸಿ ಗುಡ್ಡ, ಎತ್ತರದ ಚಿಮಣಿ ಇರುವ ಕಟ್ಟಡ ಸಕ್ರಿ ಫ್ಯಾಕ್ಟರಿ. ಈ ಹೆಸರುಗಳನ್ನು ಇಟ್ಟವಳು ನಾನು. ಅಂಗಡಿಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು ಆಡುವ ನಾವು ಆಟದಲ್ಲಿ ಮಾತ್ರ ಮನೆಯ ಕನ್ನಡವನ್ನೇ ಆಡುತ್ತಿದ್ದೆವು. ಹತ್ತಿರ ಬಂದ ಎದುರಾಳಿಗೆ ನಮ್ಮ ಮಾತು ಕೇಳಿಸುತ್ತದೆ. ಹೈದರಾಬಾದಿನ ತಂಡಗಳಿಗೆ ಕೇಳಿಸಿದರೂ ತಿಳಿಯುತ್ತಿರಲಿಲ್ಲ, ಅದೇ ನಮ್ಮ ಬಲ.

ಪ್ರತಿ ತಂಡದಲ್ಲೂ ಒಬ್ಬರು ದಾರಿ ಹೇಳಬೇಕು. ಎಲ್ಲಿ ಇಳಿಯೋದು, ಯಾವಾಗ ಓಡೋದು, ಯಾರ ಮೇಲೆ ಬೀಳೋದು, ಎಲ್ಲ ಅವರ ಬಾಯಿಂದಲೇ ಬರಬೇಕು. ನಮ್ಮ ಗುಂಪಿನ ಮೊದಲ ತಂಡಕ್ಕೆ ದಾರಿ ಹೇಳುವವಳು ನಾನು. ಕೌಂಟರಿನ ಮುಂದೆ ಇಪ್ಪತ್ತು ಜನ ಒಮ್ಮೆಲೇ ಚೀಟಿ ಚಾಚಿದರೆ ಸಾಲಿಗೆ ನಿಲ್ಲಿಸುವ ಗಂಟಲು ನನ್ನದು. ಎಡಕ್ಕೆ ಎಂದರೆ ಎಡಕ್ಕೆ ಹೋಗುತ್ತಿದ್ದರು. ನನ್ನ ಮಾತಿಗೆ ಮನೆಯಲ್ಲಿ ಇಷ್ಟು ಬೆಲೆ ಇರಲಿಲ್ಲ, ಕೆಲಸದ ಜಾಗದಲ್ಲಂತೂ ಇರಲೇ ಇಲ್ಲ.

ಆ ಬೆಲೆ ಸುಮ್ಮನೆ ಬಂದದ್ದಲ್ಲ. ನಾನು ಸೇರಿದ ಹೊಸದರಲ್ಲಿ ಸತತ ಮೂರು ಭಾನುವಾರ ಗೆದ್ದಾಗ ಗುಂಪಿನ ವಾಟ್ಸಾಪಿನಲ್ಲಿ ಒಬ್ಬ ಬರೆದ: "ಇಕಿ ಆಡಲ್ಲ. ಇಕಿ ತಮ್ಮ ಆಡ್ತಾನ, ಇಕಿ ಬರೇ ಒದರ್ತಾಳ." ನನಗೆ ತಮ್ಮನೇ ಇಲ್ಲ. ಇಲ್ಲ ಎಂದರೂ ಯಾರು ನಂಬಬೇಕು? ಕಂಪನಿಗೆ ದೂರು ಬರೆದರೆ ನಮ್ಮಂಥವರಿಗೆ ಉತ್ತರ ಬರುವುದಿಲ್ಲ. ಆಗ ಗುಂಪು ನಡೆಸುವ ಹಿರಿಯರು ಒಂದು ದಾರಿ ತೆಗೆದರು. ಅವರಿಗೆ ನಾರಾಯಣಖೇಡದಲ್ಲಿ ಬೀಜ-ಗೊಬ್ಬರದ ಅಂಗಡಿ, ನಾವೆಲ್ಲ ಕಾಕಾ ಎನ್ನುತ್ತೇವೆ. ಯಾರ ಮೇಲೆ ಅನುಮಾನ ಬಂತೋ ಅವರು ಜಹೀರಾಬಾದಿಗೆ ಬರಬೇಕು, ಬಸ್ ಸ್ಟ್ಯಾಂಡ್ ಹತ್ತಿರದ ಚಹಾ ಹೋಟೆಲಿನಲ್ಲಿ ಎಲ್ಲರ ಮುಂದೆ ಕೂತು, ಬೇರೆಯವರ ಫೋನಿನಲ್ಲಿ ಮೂರು ಆಟ ಆಡಿ ತೋರಿಸಬೇಕು. ಒಂದರಲ್ಲಾದರೂ ಕೈಚಳಕ ಕಂಡರೆ ಸಾಚಾ, ಇಲ್ಲದಿದ್ದರೆ ಗುಂಪಿನಿಂದ ಹೊರಗೆ. ಇದಕ್ಕೆ ಮುಂದೆ ಕೂರಿಸುವುದು ಎಂದು ಹೆಸರಾಯಿತು. ಮೊದಲು ಕೂತವಳು ನಾನು. ಎಂಟು ಜನ ಗಂಡಸರು ಬೆನ್ನ ಹಿಂದೆ ನಿಂತು ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದರು. ಒಬ್ಬನ ಬಾಯಿಂದ ಗುಟ್ಕಾ ವಾಸನೆ ಕುತ್ತಿಗೆಗೆ ಬಡಿಯುತ್ತಿತ್ತು. ಮೂರರಲ್ಲಿ ಎರಡು ಗೆದ್ದೆ. "ಆತವ್ವಾ, ನೀನೇ ಆಡ್ತಿ" ಎಂದರು ಕಾಕಾ, ಎಲ್ಲರಿಗೂ ಚಹಾ ಹೇಳಿದರು. ಅವತ್ತಿನಿಂದ ನಾನು ಅಕ್ಕ. ಮನೆಗೆ ಬಂದು ಬಚ್ಚಲಲ್ಲಿ ಅತ್ತದ್ದು ಯಾರಿಗೂ ಹೇಳಿಲ್ಲ.

ಹೀಗಿರುವಾಗ ಅವಳು ಬಂದಳು.

ಒಂದು ಭಾನುವಾರ ತಾಂಡೂರಿನ ತಂಡಕ್ಕೆ ಒಬ್ಬರು ಕಡಿಮೆ ಬಿದ್ದರು. ತಂಡದವನೊಬ್ಬ ತನ್ನ ಓಣಿಯ ಹುಡುಗಿಯನ್ನು ಸೇರಿಸಿಕೊಂಡ. ಇಪ್ಪತ್ತೆರಡರ ಆಸುಪಾಸು, ಅಲ್ಲಿನ ಒಂದು ಬೇಳೆ ಮಿಲ್ಲಿನಲ್ಲಿ ತೊಗರಿಬೇಳೆಯಿಂದ ಕಲ್ಲು ಆರಿಸುವ ಕೆಲಸ. ಮೊದಲ ದಿನ ಅವಳು ಸುಮ್ಮನೆ ಆಡಿದಳು. ಎರಡನೇ ವಾರ ಅವಳ ತಂಡದಲ್ಲಿ ದಾರಿ ಹೇಳುವವನ ನೆಟ್ ಹೋಯಿತು, ಅವಳು ಬಾಯಿ ಬಿಟ್ಟಳು. ನನ್ನ ಹಾಗೆ ಒದರುವುದಿಲ್ಲ. ಪಕ್ಕದಲ್ಲಿ ಕೂತವರಿಗೆ ಹೇಳಿದಷ್ಟೇ ದನಿ. "ಯಾರ ಬಲ್ಲಿ ಔಷಧಿ ಇಲ್ಲ ಹೇಳ್ರಿ, ನನ್ನದು ಕೊಡ್ತೀನಿ" ಎಂದು ಮೊದಲು ಕೇಳುತ್ತಾಳೆ, ಆಮೇಲೆ "ಸಾವಕಾಶ ಹೋಗೋಣ್ರಿ, ಅವ್ರೇ ಬರ್ತಾರ" ಎನ್ನುತ್ತಾಳೆ. ಅವತ್ತು ತಾಂಡೂರಿನವರು ನಮ್ಮ ತಂಡವನ್ನು ಹೊಡೆದು ಹಾಕಿದರು. ಕೊನೆಗೆ ಬಿದ್ದವಳು ನಾನು, ಬೀಳಿಸಿದವಳು ಅವಳು.

ಎಲ್ಲರೂ ಹೂವು, ಚಪ್ಪಾಳೆ, ಬೆಂಕಿಯ ಚಿತ್ರ ಹಾಕಿದರು. ನಾನೂ ಒಂದು ಚಪ್ಪಾಳೆ ಹಾಕಿದೆ. ಹಾಕುವಾಗ ಮೈ ಉರಿಯುತ್ತಿತ್ತು.

ಮುಂದೆ ನಡೆದದ್ದು ಇನ್ನೂ ಕೆಟ್ಟದ್ದು. ನನ್ನ ತಂಡದಲ್ಲಿ ಎರಡು ವರ್ಷದಿಂದ ಇದ್ದವನು, ಫೋನು ರಿಪೇರಿ ಮಾಡುವವನು, ಫೋನು ಮಾಡಿ ಅಂದ: "ಅಕ್ಕ, ಮುಂದಿನ ವಾರ ಒಂದೇ ಸಲ ಸಣ್ಣಕ್ಕನ ಕೂಡ ಆಡ್ತೀನ್ರಿ, ಸಿಟ್ಟಾಗಬ್ಯಾಡ್ರಿ." ಸಣ್ಣಕ್ಕ ಅಂದರೆ ಯಾರೋ ಎಂದೆ, ಗೊತ್ತಿದ್ದೂ. ಗುಂಪು ಅವಳಿಗೆ ಆ ಹೆಸರು ಕೊಟ್ಟಾಗಿತ್ತು. ಅವಳು ಸಣ್ಣಕ್ಕ ಆದ ಮೇಲೆ ನಾನು ಏನಾಗಬೇಕು? ಒಂದೇ ವಾರದಲ್ಲಿ ದೊಡ್ಡಕ್ಕ ಆಗಿಬಿಟ್ಟೆ. ಮೂವತ್ತೊಂದನೇ ವಯಸ್ಸಿಗೆ ನನ್ನನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿ ಹೊದಿಕೆ ಹೊದಿಸಿದ ಹಾಗಾಯಿತು. ಗಂಡನಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕ. "ನಿನ್ನ ನೌಕರಿ ಹೋಗ್ಯದೇನು? ಆಟ ಅದ, ಬಿಡು" ಎಂದ. ನೌಕರಿ ಹೋಗಿದ್ದರೆ ಬೇರೆ ಹುಡುಕಬಹುದಿತ್ತು.

ಇಡೀ ಗುಂಪಿನ ಆಟವೇ ಬದಲಾಗತೊಡಗಿತು. ನನ್ನ ಕಾಲದಲ್ಲಿ ಇಳಿದ ಕೂಡಲೇ ನುಗ್ಗುವುದು ರೂಢಿ. ಈಗ ನಾರಾಯಣಖೇಡದವರೂ ಕಾಯುವುದನ್ನು ಕಲಿತರು, ಔಷಧಿ ಹಂಚಿಕೊಳ್ಳುವುದನ್ನು ಕಲಿತರು. ಬೀದರಿನ ಗುಂಪಿನವರು ನಮ್ಮ ಜೊತೆ ಒಂದು ಸ್ನೇಹದ ಆಟ ಆಡಿ, ನಿಮ್ಮವರು ಬಲು ಶಾಂತವಾಗಿ ಆಡುತ್ತಾರೆ, ಯಾರು ಕಲಿಸಿದ್ದು ಎಂದು ಕೇಳಿದರು. ಕಾಕಾ ಅವಳ ಹೆಸರು ಬರೆದರು. ಅದನ್ನು ಓದಿದ ದಿನ ನಾನು ಕೌಂಟರಿನಲ್ಲಿ ಒಬ್ಬ ಮುದುಕಿಗೆ ಸುಮ್ಮನೆ ಗದರಿದೆ.

ಆ ವರ್ಷದ ದಸರೆಗೆ ಹೈದರಾಬಾದಿನಲ್ಲಿ ಬೇರೆ ಬೇರೆ ಜಿಲ್ಲೆಗಳ ಗುಂಪುಗಳ ನಡುವೆ ಪಂದ್ಯವಿತ್ತು. ಗುಂಪಿಗೆ ಒಂದೇ ತಂಡ. ಹಿಂದಿನ ವರ್ಷ ದಾರಿ ಹೇಳಿದವಳು ನಾನು, ಮೊದಲ ಸುತ್ತಿನಲ್ಲೇ ಮನೆಗೆ ಬಂದಿದ್ದೆವು. ಈ ಸಲ ಯಾರು ಎಂಬುದನ್ನು ಗುಂಪು ಮುಂಚೆಯೇ ಆರಿಸಬೇಕಿತ್ತು. ಬಾಯಿಬಿಟ್ಟು ಯಾರೂ ಹೇಳುತ್ತಿರಲಿಲ್ಲ. ನಾನು ಏನಾದರೂ ಬರೆದರೆ ಮಾತ್ರ ಎಲ್ಲರೂ ವಿಪರೀತ ಮರ್ಯಾದೆ ಕೊಡುತ್ತಿದ್ದರು. ಆ ಮರ್ಯಾದೆಯಿಂದಲೇ ನನಗೆ ತಿಳಿಯಿತು.

ನಮ್ಮ ಭಾನುವಾರದ ಆಟಕ್ಕೆ ಒಬ್ಬರು ನೋಡುಗರು ಇರುತ್ತಾರೆ. ಪಾಳಿಯ ಪ್ರಕಾರ ಒಬ್ಬರು ಆಡದೆ, ತಮ್ಮ ಫೋನಿನಲ್ಲೇ ಯಾರ ಬೆನ್ನಿಗೆ ಬೇಕಾದರೂ ನಿಂತು ನೋಡಬಹುದು. ಬಾಯಿ ಬಿಡುವಂತಿಲ್ಲ. ಜಗಳ ಬಂದರೆ ನೋಡುಗರ ಮಾತೇ ಕೊನೆ. ಆ ಭಾನುವಾರ ಪಾಳಿ ನನ್ನದು. ಎರಡು ತಾಸೂ ನಾನು ನೋಡಿದ್ದು ಅವಳೊಬ್ಬಳನ್ನೇ. ತಪ್ಪು ಹುಡುಕುತ್ತಿದ್ದೆ, ಇನ್ನೇನು?

ಕೊನೆಯ ಆಟದಲ್ಲಿ ಅವಳು ಸಕ್ರಿ ಫ್ಯಾಕ್ಟರಿಯ ಹಿಂದಿನ ಸಣ್ಣ ಮನೆಯ ಮುಂದೆ ಹಾದುಹೋದಳು. ಬಾಗಿಲು ಮುಚ್ಚಿತ್ತು. ಸ್ವಲ್ಪ ಹೊತ್ತಿಗೆ ಅದೇ ದಾರಿಯಲ್ಲಿ ಹಿಂದಿರುಗಿದಾಗ ಬಾಗಿಲು ತೆರೆದಿತ್ತು. ಅವಳು ನಿಂತಳು. ಒಳಗಿನಿಂದ ಸದ್ದಿಲ್ಲ, ಯಾರೂ ಕಾಣುತ್ತಿಲ್ಲ. ಮನೆಯ ಹಿಂದಕ್ಕೆ ಹೋಗಿ ಕಿಟಕಿಗೆ ಬಂದೂಕು ಹಿಡಿದು ಕಾದಳು. ಒಳಗೆ ಅಡಗಿದ್ದ ನಾರಾಯಣಖೇಡದವನು ಜಾಗ ಬದಲಿಸಲು ಎದ್ದ, ಅಷ್ಟೇ, ಬಿದ್ದ. ನನಗೆ ಬಾಯಿಂದ "ಅಬ್ಬಾ" ಬಂತು. ಮೂರು ವರ್ಷ ಆಡಿದ್ದೇನೆ, ಬಾಗಿಲು ಮುಚ್ಚಿತ್ತೋ ತೆರೆದಿತ್ತೋ ಎಂದು ನೆನಪಿಟ್ಟುಕೊಂಡವಳಲ್ಲ ನಾನು.

ಬಿದ್ದವನು ಗುಂಪಿನಲ್ಲಿ ಬೆಂಕಿಯಾದ. "ಗ್ವಾಡಿ ಆಚಿಂದು ಕಾಣ್ತದ ಈಕಿಗಿ. ಹ್ಯಾಕ್ ಹಾಕ್ಯಾಳ" ಎಂದು ಬರೆದ, ಗೋಡೆಯಾಚೆ ಕಾಣಿಸುವ ಕಳ್ಳ ಸಾಫ್ಟ್‌ವೇರ್ ಇದೆಯೆಂಬ ದೂರು. ಇನ್ನಿಬ್ಬರು ಹೌದು ಎಂದರು. ಅವಳು "ಇಲ್ರಿ, ಬಾಗ್ಲ ನೋಡಿ ತಿಳೀತು" ಎಂದಷ್ಟೇ ಬರೆದಳು. ಕಾಕಾ ನನ್ನನ್ನು ಕೇಳಿದರು: "ಅಕ್ಕ, ನೋಡಾಕ ನೀವು ಕುಂತಿದ್ರಿ. ಏನಂತೀರಿ?"

ಅವಳು ಹೇಳೋದು ಖರೆ, ನಾನು ನೋಡಿದೆ ಎಂದು ಬರೆದೆ. ಕಳಿಸುವ ಮೊದಲು ಅಳಿಸಿದೆ. ಮತ್ತೆ ಬರೆದೆ: "ನಾನು ಆ ಹೊತ್ತಿಗಿ ಬ್ಯಾರೆಯವರನ್ನ ನೋಡ್ಲತ್ತಿದ್ದೆ. ಅನುಮಾನ ಬಂದದ ಅಂದ್ರ ಮುಂದ ಕುಂದ್ರಸೋದೇ ಛಲೋ." ಕಳಿಸಿದೆ. ಅರವತ್ತು ಜನರ ಮುಂದೆ ಎಷ್ಟು ಸಲೀಸಾಗಿ ಸುಳ್ಳು ಹೇಳಿದೆನೆಂದರೆ ನನಗೇ ಆಶ್ಚರ್ಯ. ಆ ಕುರ್ಚಿಯಲ್ಲಿ ಕೂತರೆ ಏನಾಗುತ್ತದೆಂದು ನನಗೆ ಗೊತ್ತಿರುವಷ್ಟು ಬೇರೆ ಯಾರಿಗೆ ಗೊತ್ತು? ಗೊತ್ತಿದ್ದೇ ಕಳಿಸಿದೆ. ಅವಳ ಕೈ ನಡುಗಲಿ, ಮೂರೂ ಸೋಲಲಿ ಎಂದು ಬಯಸಿದೆ.

ಮುಂದಿನ ಭಾನುವಾರ ತಾಂಡೂರಿನಿಂದ ಎರಡು ಬಸ್ಸು ಬದಲಿಸಿ ಬಂದಳು. ಕಪ್ಪಗೆ, ತೆಳ್ಳಗೆ, ಎಣ್ಣೆ ಹಾಕಿ ಬಿಗಿಯಾಗಿ ಹೆಣೆದ ಜಡೆ. ಜೊತೆಗೆ ಅವಳ ಅವ್ವ. ನನ್ನನ್ನು ಕೂರಿಸಿದ ದಿನ ನಾನು ಒಬ್ಬಳೇ ಬಂದಿದ್ದೆ, ಇವಳಿಗೆ ಅವ್ವ ಬೇರೆ ಬಂದಿದ್ದಾಳೆ ಎಂದು ಅದಕ್ಕೂ ಹೊಟ್ಟೆ ಉರಿಯಿತು. ಅವ್ವನೂ ಅದೇ ಮಿಲ್ಲಿನ ಕೆಲಸದವಳು. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆಂಚಿನ ತುದಿಯಲ್ಲಿ ಕೂತಳು. ಅಲ್ಲಿದ್ದ ಹೆಂಗಸು ನಾನೊಬ್ಬಳೇ, ಆದ್ದರಿಂದ ಗುರುತು ಹಿಡಿದಳು.

"ಅಕ್ಕ ಅಂದ್ರ ನೀವೇ ಏನ್ರಿ?" ಎಂದಳು. ಹೌದು ಎಂದೆ. "ಗಂಡಸರ ಕೂಡ ಎಂಥಾ ಆಟ ಅಂತ ನಾ ಒಲ್ಲೆ ಅಂದಿದ್ದೆ. ಅಲ್ಲಿ ಅಕ್ಕ ಇದ್ದಾರವ್ವ, ಲಗ್ನ ಆದವ್ರು, ಎಲ್ಲರೂ ಅವರ ಮಾತು ಕೇಳ್ತಾರ ಅಂದಳು. ನೀವು ಇದ್ದೀರಿ ಅಂತ ಬಿಟ್ಟೀನಿ ನೋಡ್ರಿ. ಇವತ್ತು ಏನೋ ಪರೀಕ್ಷಾ ಅಂತ. ಪಾಸ್ ಆಗ್ತಾಳೇನ್ರಿ?"

ಆಗುತ್ತಾಳೆ ಎಂದೆ. ಬೇರೆ ಏನು ಹೇಳಲಿ?

ಫೋನು ಕಾಕಾನದು. ಅವಳ ಬೆನ್ನ ಹಿಂದೆ ಹತ್ತು ಹನ್ನೆರಡು ಜನ ನಿಂತರು. ಹಿಂದೆ ನನ್ನ ಬೆನ್ನಿಗೆ ನಿಂತಿದ್ದವರಲ್ಲಿ ಮೂವರು ಇದ್ದರು, ಈಗ ನಾನೂ ಅವರ ಸಾಲಿನಲ್ಲಿದ್ದೆ. ಮೊದಲ ಆಟದಲ್ಲಿ ಅವಳು ಇಳಿದ ಕೆಲವೇ ನಿಮಿಷಕ್ಕೆ ಸತ್ತಳು. ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಹಬ್ಬದ ಹಾಗೆ ಖುಷಿಯಾಯಿತು. ಎರಡನೆಯದರಲ್ಲಿ ಬೆವೆತ ಬೆರಳು ಜಾರಿ ಮದ್ದಿನ ಗುಂಡು ಎಸೆಯುವ ಗುರುತು ಒತ್ತಿ ತನ್ನ ಕಾಲ ಕೆಳಗೇ ಎಸೆದುಕೊಂಡಳು. ಹಿಂದಿನಿಂದ ಒಬ್ಬ ಕಿಸಕ್ಕೆಂದ. ಅವ್ವ ಎದ್ದು ನಿಂತಳು. "ಆತೇನ್ರಿ? ಫೇಲೇನು?"

"ಇನ್ನೊಂದ್ ಅದವ್ವ" ಎಂದರು ಕಾಕಾ. ಅವರ ಮುಖ ಸಣ್ಣದಾಗಿತ್ತು. "ಇದೂ ಹೋದ್ರ ನಿಯಮ ನಿಯಮನೇ."

ಹುಡುಗಿ ಕೈಯನ್ನು ಓಢಣಿಗೆ ಒರೆಸಿಕೊಂಡಳು. ತಿರುಗಿ, ಅಷ್ಟು ಜನರ ನಡುವೆ ನನ್ನನ್ನು ಹುಡುಕಿ ನೋಡಿದಳು.

"ಅಕ್ಕ, ಅವತ್ತ ನೀವು ನನ್ನ ಬೆನ್ನಿಗೇ ಇದ್ರಿ ಅಲ್ರಿ. ಯಾರರ ನೋಡ್ಲತ್ತಿದ್ರ ನಮ್ಮ ಫೋನಿನ ಮ್ಯಾಲ ಕಣ್ಣಿನ ಗುರ್ತು ಬರ್ತದ. ಆ ಮನಿ ಮುಂದ ನಿಂತಾಗ ಗುರ್ತು ಇತ್ತು. ಬಾಗ್ಲ ತೆರದದ್ದು ನಿಮಗ ಕಾಣಲಿಲ್ಲೇನ್ರಿ?"

ದೂರುವ ದನಿಯಲ್ಲ. ನಾನು ಮರೆತಿರಬಹುದು ಎಂದು ನೆನಪಿಸುವ ದನಿ. ನಾನಾಗಿಯೇ ಸತ್ಯ ಹೇಳಿದೆ ಎಂದು ಬರೆಯಲು ಆಸೆಯಾಗುತ್ತದೆ, ಆದರೆ ಹಾಗೆ ಆಗಲಿಲ್ಲ. ಅವತ್ತು ನೋಡುಗರ ಪಾಳಿ ನನ್ನೊಬ್ಬಳದೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಕಣ್ಣಿನ ಗುರುತು ಇತ್ತೆಂದರೆ ಆ ಕಣ್ಣು ನನ್ನದೇ. ಸಿಕ್ಕಿಬಿದ್ದ ಮೇಲೆ ಹೇಳಿದೆ.

"ಕಂಡಿತ್ತು" ಎಂದೆ. "ಇಕಿ ಆಟ ಸಾಚಾ ಅದ. ನಾನೇ ಹೇಳಲಿಲ್ಲ."

"ಯಾಕ್ರೀ ಅಕ್ಕ?" ಎಂದರು ಕಾಕಾ.

"ಹೊಟ್ಟೆಕಿಚ್ಚು ರೀ."

ಹೋಟೆಲಿನವನು ಚಹಾದ ಗ್ಲಾಸುಗಳ ತಟ್ಟೆ ತಂದವನು ಅಲ್ಲೇ ನಿಂತ. ಅವ್ವನಿಗೆ ಆಟ ತಿಳಿಯುತ್ತಿರಲಿಲ್ಲ, ಬಾಗಿಲು, ಗುರುತು ಯಾವುದೂ ತಿಳಿದಿರಲಿಕ್ಕಿಲ್ಲ. ಆದರೆ ಆ ಒಂದು ಮಾತು ತಿಳಿಯಿತು. ನನ್ನನ್ನು ಬೈಯಲಿಲ್ಲ. ಮಗಳ ಕೈಯಿಂದ ಫೋನು ತೆಗೆದು ಕಾಕಾನ ಮುಂದೆ ಇಟ್ಟಳು. "ಏಳು" ಎಂದಳು. ಮಗಳು "ಅವ್ವ, ಇನ್ನೊಂದ್ ಅದ, ಆಡ್ತೀನಿ" ಎಂದಳು. "ಬ್ಯಾಡ, ಏಳು." ಚಹಾ ಮುಟ್ಟದೆ ಇಬ್ಬರೂ ಬಸ್ ಸ್ಟ್ಯಾಂಡಿನ ಕಡೆ ಹೋದರು.

ಗುಂಪು ಅವತ್ತು ಸಂಜೆಯೇ ತೀರ್ಪು ಮಾಡಿತು. ಹುಡುಗಿ ಸಾಚಾ. ಇನ್ನು ಮುಂದೆ ನೋಡುಗರು ಇಬ್ಬರು ಇರಬೇಕು, ಇಬ್ಬರೂ ಬೇರೆ ಬೇರೆ ಊರಿನವರು. ನನಗೆ ಒಂದು ವರ್ಷ ನೋಡುಗರ ಪಾಳಿ ಇಲ್ಲ. ದಸರೆಯ ಪಂದ್ಯಕ್ಕೆ ದಾರಿ ಹೇಳುವವಳು ಅವಳೇ ಎಂದು ಸಾಲುಸಾಲಾಗಿ ಹೆಬ್ಬೆರಳು ಬಿದ್ದವು. ನಾನೂ ಒಂದು ಒತ್ತಿದೆ. ಅವಳಿಂದ ಉತ್ತರ ಬರಲಿಲ್ಲ. ಎರಡು ವಾರಕ್ಕೆ ಗುಂಪಿನಿಂದ ಹೊರಟುಹೋದಳು. ಇಬ್ಬರು ನೋಡುಗರ ನಿಯಮವನ್ನು ಬೀದರಿನವರೂ ತೆಗೆದುಕೊಂಡಿದ್ದಾರೆ, ಭಾಳ ಛಲೋ ನಿಯಮ ಎಂದು ಹೊಗಳುತ್ತಾರೆ. ಅದು ಹೇಗೆ ಹುಟ್ಟಿತೆಂದು ಅವರಿಗೆ ನಮ್ಮವರು ಯಾರೂ ಹೇಳಿಲ್ಲ. ಅಷ್ಟು ಉಪಕಾರ ನನಗೆ ಮಾಡಿದ್ದಾರೆ.

ಒಂದು ಭಾನುವಾರ ಆಟ ಬಿಟ್ಟು ತಾಂಡೂರಿಗೆ ಹೋದೆ. ವಿಳಾಸ ಅವಳ ಓಣಿಯವನು ಕೊಟ್ಟ. ಮಿಲ್ಲುಗಳ ಹಿಂದಿನ ಓಣಿ, ಫರ್ಸಿ ಕಲ್ಲು ನಿಲ್ಲಿಸಿ ಕಟ್ಟಿದ ಗೋಡೆಗಳು, ಎಲ್ಲದರ ಮೇಲೂ ಬೇಳೆಯ ಹಳದಿ ಧೂಳು. ಅವ್ವ ಹೊರಗೆ ಬಟ್ಟೆ ಒಗೆಯುತ್ತಿದ್ದಳು. ನನ್ನನ್ನು ನೋಡಿ ಕೈ ಒರೆಸಿಕೊಂಡು ಎದ್ದಳು, ಒಳಗೆ ಕರೆದಳು, ಚಾಪೆ ಹಾಸಿದಳು. ಹುಡುಗಿ ನೀರು ತಂದುಕೊಟ್ಟಳು.

ತಪ್ಪಾಯಿತು ಎಂದೆ. "ದಸರಾಕ್ಕ ಹೈದರಾಬಾದಿಗಿ ಕಳಸ್ರಿ. ದಾರಿ ಇಕಿನೇ ಹೇಳ್ತಾಳ. ನಾ ಬಾಯಿ ತೆಗಿಯಾಂಗಿಲ್ಲ" ಎಂದೆ.

"ನನಗ ಆಡಾಕ ಮನಸದ ಅಕ್ಕ" ಎಂದಳು ಹುಡುಗಿ, ಅವ್ವನ ಮುಖ ನೋಡುತ್ತಾ.

ಅವ್ವ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದಳು. "ನೀವು ಇದ್ದೀರಿ ಅಂತ ಕಳಸಿದ್ದೆ ರೀ" ಎಂದಳು. "ಈಗ ಯಾರ ಇದ್ದಾರ ಅಂತ ಕಳಸ್ಲಿ?"

ಕಾಕಾ ಇದ್ದಾರೆ, ಎಲ್ಲರೂ ಒಳ್ಳೆಯವರು ಎಂದು ಏನೇನೋ ತೊದಲಿದೆ. ಅವ್ವ ಬೇಡವೆಂದು ತಲೆ ಆಡಿಸಿ ಊಟ ಮಾಡಿಕೊಂಡು ಹೋಗಿ ಎಂದಳು. ಉಣ್ಣದೆ ಎದ್ದೆ. ಹುಡುಗಿ ಓಣಿಯ ತಿರುವಿನವರೆಗೂ ಬಂದು ಬಸ್ಸು ಎಲ್ಲಿ ನಿಲ್ಲುತ್ತದೆಂದು ತೋರಿಸಿ ಹಿಂದಕ್ಕೆ ಹೋದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಸ್ವಲ್ಪ ದೂರ ಕಣ್ಣೀರು ಬಂತು, ಒರೆಸಿಕೊಂಡೆ. ಬರೆಯಲು ಕೂತ ಮೇಲೆ ಉಳಿದದ್ದನ್ನೂ ಬರೆಯಬೇಕು. ಅವ್ವ ಒಪ್ಪಲಿಲ್ಲ ಎಂಬುದು ಮನಸ್ಸಿಗೆ ಇಳಿಯುತ್ತಿದ್ದಂತೆ ಎದೆಯಲ್ಲಿ ಏನೋ ಹಗುರವಾಯಿತು. ಬೇಡ ಎಂದರೂ ಹಗುರವಾಯಿತು. ಧಾರೂರು ದಾಟುವಷ್ಟರಲ್ಲಿ ದಸರೆಯ ತಂಡಕ್ಕೆ ನಾಲ್ವರನ್ನು ಮನಸ್ಸಿನಲ್ಲೇ ಆರಿಸುತ್ತಿದ್ದೆ, ದಾರಿ ಹೇಳುವ ಜಾಗದಲ್ಲಿ ನನ್ನನ್ನೇ ಇಟ್ಟುಕೊಂಡಿದ್ದೆ.